ಚಾಚಿದ ಕೈಗಳು: ಸಾನ್ ಫ್ರುತ್ತುವೋಸೊ ಗ್ರಾಮವೂ ಸಭೆಯ ನೆನಪೂ

ಸಭಾಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮಹಾಸಭೆಗಳ, ಮಹಾನಗರಗಳ ಹಾಗೂ ಮಹಾಪುರುಷರ ಮೂಲಕವೇ ಓದುತ್ತೇವೆ. ನಿಕೇಯ, ರೋಮ್, ವಿಟೆನ್‌ಬರ್ಗ್ ಮುಂತಾದ ಹೆಸರುಗಳು ನಮ್ಮ ಪಾಠಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ಸಭೆಯು ತನ್ನ ನೆನಪನ್ನು ಹೇಗೆ ಕಾಪಾಡಿಕೊಂಡು ಬಂದಿತು, ಯಾರನ್ನು ನೆನೆಯಿತು, ಯಾರಿಗೆ ತನ್ನ ಗೋಡೆಗಳ ಒಳಗೆ ಸಮಾಧಿಯ ಸ್ಥಳವನ್ನು ಕೊಟ್ಟಿತು ಎಂಬ ಪ್ರಶ್ನೆಗಳಿಗೆ ಕೆಲವೊಮ್ಮೆ ಒಂದು ಸಣ್ಣ ಹಳ್ಳಿಯೇ ಹೆಚ್ಚು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಇಟಲಿಯ ಲಿಗೂರಿಯಾ ಕರಾವಳಿಯ ಸಾನ್ ಫ್ರುತ್ತುವೋಸೊ ಅಂತಹ ಒಂದು ಹಳ್ಳಿ. ಈ ಲೇಖನದಲ್ಲಿ ನಾವು ಆ ಹಳ್ಳಿಯ ಚರಿತ್ರೆಯನ್ನು ಅನುಸರಿಸುತ್ತಾ, ರಕ್ತಸಾಕ್ಷಿತ್ವದ ಅರ್ಥವೇನು ಎಂಬುದನ್ನು ವಿಚಾರಿಸಲು ಪ್ರಯತ್ನಿಸುತ್ತೇವೆ.

ರಸ್ತೆಯಿಲ್ಲದ ಊರು

ಜೆನೋವಾ ನಗರದ ಪೂರ್ವಕ್ಕೆ ಪೋರ್ತೊಫೀನೊ ಭೂಶಿರವು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ದಕ್ಷಿಣದ ಮಗ್ಗುಲಲ್ಲಿ, ಕಡಿದಾದ ಕಾಡುಬೆಟ್ಟಗಳು ಕಡಲಿಗೆ ಇಳಿಯುವ ಒಂದು ಕಿರಿದಾದ ಕೊಲ್ಲಿಯಲ್ಲಿ ಈ ಗ್ರಾಮವಿದೆ. ಆಡಳಿತದ ದೃಷ್ಟಿಯಿಂದ ಇದು ಕಮೋಗ್ಲಿ ಪಟ್ಟಣಕ್ಕೆ ಸೇರಿದ್ದು. ಇಂದಿಗೂ ಇಲ್ಲಿಗೆ ವಾಹನ ಹೋಗುವ ರಸ್ತೆಯಿಲ್ಲ. ಕಮೋಗ್ಲಿಯಿಂದಲೋ ಪೋರ್ತೊಫೀನೊದಿಂದಲೋ ದೋಣಿಯಲ್ಲಿ ಬರಬೇಕು. ಇಲ್ಲವೇ ಬೆಟ್ಟದ ಕಾಲುದಾರಿಯಲ್ಲಿ ನಡೆದು ಇಳಿಯಬೇಕು.

ದೋಣಿಯಿಂದ ನೋಡುವವರಿಗೆ ಮೊದಲು ಕಾಣುವುದು ಕಡಲಂಚಿನಲ್ಲಿಯೇ ನಿಂತಿರುವ ಮಠದ ಮುಂಭಾಗ. ಕೆಳಗೆ ದೊಡ್ಡ ಕಮಾನುಗಳು. ಮೇಲೆ ಎರಡು ಅಂತಸ್ತುಗಳಲ್ಲಿ ಮೂರು ಮೂರು ಕಂಡಿಗಳ ಕಮಾನು ಕಿಟಕಿಗಳ ಸಾಲು. ಹಿಂದೆ ಚರ್ಚಿನ ಎಂಟು ಮೂಲೆಗಳ ಗೋಪುರ. ಪಕ್ಕದ ದಿಣ್ಣೆಯ ಮೇಲೆ ಚೌಕಾಕಾರದ ಒಂದು ಕಾವಲು ಗೋಪುರ. ಮಠದ ಮುಂದೆ ಸಣ್ಣ ಬೆಣಚುಕಲ್ಲಿನ ದಡ, ಅದರ ಬದಿಯಲ್ಲಿ ಕೆಲವೇ ಮನೆಗಳು. ಊರೆಂದರೆ ಇಷ್ಟೇ. ಆದರೆ ಈ ಊರಿಗೆ ಹೆಸರು ಬಂದದ್ದು ಕಡಲಾಚೆಯ ಬೇರೊಂದು ನಾಡಿನ ಧರ್ಮಾಧ್ಯಕ್ಷರಿಂದ. ಆದುದರಿಂದ ನಮ್ಮ ವಿಚಾರವೂ ಅಲ್ಲಿಂದಲೇ ಆರಂಭವಾಗಬೇಕು.

ತಾರ್ರಾಗೊನದ ರಕ್ತಸಾಕ್ಷಿ

ಸ್ಪೇನಿನ ಪೂರ್ವ ಕರಾವಳಿಯ ತಾರ್ರಾಗೊನ ಪಟ್ಟಣವು ರೋಮನ್ನರ ಕಾಲದಲ್ಲಿ ತಾರ್ರಾಕೊ ಎಂಬ ಪ್ರಾಂತೀಯ ರಾಜಧಾನಿಯಾಗಿತ್ತು. ಚಕ್ರವರ್ತಿ ವಲೇರಿಯನ್ 257ರಲ್ಲಿ ಕ್ರೈಸ್ತರ ಕೂಟಗಳನ್ನು ನಿಷೇಧಿಸಿದನು; 258ರ ಎರಡನೆಯ ಆಜ್ಞೆಯಲ್ಲಿ ಧರ್ಮಾಧ್ಯಕ್ಷರು, ಹಿರಿಯರು ಹಾಗೂ ಡೀಕನರಿಗೆ ಮರಣದಂಡನೆಯನ್ನು ವಿಧಿಸಿದನು. ಕಾರ್ಥೇಜಿನ ಸಿಪ್ರಿಯಾನರು ಬಲಿಯಾದದ್ದು ಈ ಆಜ್ಞೆಗೇ. ಮರುವರ್ಷ, 259ರ ಜನವರಿ 21ರಂದು, ತಾರ್ರಾಕೊ ನಗರದ ಧರ್ಮಾಧ್ಯಕ್ಷರಾದ ಫ್ರುಕ್ತುವೋಸಸರೂ ಅವರ ಇಬ್ಬರು ಡೀಕನರಾದ ಔಗೂರಿಯಸ್ ಮತ್ತು ಯೂಲೋಜಿಯಸರೂ ಜೀವಂತವಾಗಿ ಸುಡಲ್ಪಟ್ಟರು.

ಇವರ ವಿಚಾರಣೆ ಮತ್ತು ಮರಣದ ವೃತ್ತಾಂತವು ಸ್ಪೇನಿನ ಸಭೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಅದರ ಬಹುಭಾಗ ಉತ್ಪ್ರೇಕ್ಷೆಯಿಲ್ಲದ ಸರಳ ನಿರೂಪಣೆ. ಭಾನುವಾರದಂದು ಸೈನಿಕರು ಮನೆಗೆ ಬಂದಾಗ ಧರ್ಮಾಧ್ಯಕ್ಷರು ಕೋಣೆಯಲ್ಲಿದ್ದರು; ಪಾದರಕ್ಷೆ ಹಾಕಿಕೊಳ್ಳಲು ಅನುಮತಿ ಕೇಳಿದರು. ಸೆರೆಮನೆಯಲ್ಲಿ ಒಬ್ಬನಿಗೆ ದೀಕ್ಷಾಸ್ನಾನ ಕೊಟ್ಟರು. ಶುಕ್ರವಾರ ಅವರನ್ನು ಸುಡುವ ಸ್ಥಳಕ್ಕೆ ಕರೆದೊಯ್ಯುವಾಗ ಕೆಲವರು ಕರುಣೆಯಿಂದ ಮಸಾಲೆ ಬೆರೆಸಿದ ಪಾನವನ್ನು ಮುಂದಿಟ್ಟರು. ಉಪವಾಸ ಬಿಡುವ ವೇಳೆ ಇನ್ನೂ ಆಗಿಲ್ಲವೆಂದು ಅವರು ಅದನ್ನು ನಿರಾಕರಿಸಿದರು. ಆಗ ಸಮಯ ಬೆಳಿಗ್ಗೆ ಸುಮಾರು ಹತ್ತು ಗಂಟೆ. ಇನ್ನು ಕೆಲವೇ ಗಳಿಗೆಗಳಲ್ಲಿ ಸಾಯಲಿರುವ ಮನುಷ್ಯನು ಸಭೆಯ ವಾರದ ಉಪವಾಸಕ್ಕೆ ನಿಷ್ಠನಾಗಿ ಉಳಿಯುತ್ತಾನೆ. ಅವರ ಧೈರ್ಯವು ಆವೇಶದಿಂದ ಹುಟ್ಟಿದ್ದಲ್ಲ, ದಿನದಿನದ ಶಿಸ್ತಿನಿಂದ ಹುಟ್ಟಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ವೃತ್ತಾಂತದ ಮೂರು ಸಂಗತಿಗಳು ನಮ್ಮ ಮುಂದಿನ ವಿಚಾರಕ್ಕೆ ಮುಖ್ಯವಾದವು. ಮೊದಲನೆಯದು: ನೀನೂ ಫ್ರುಕ್ತುವೋಸಸನನ್ನು ಆರಾಧಿಸುತ್ತೀಯಾ ಎಂದು ರಾಜ್ಯಪಾಲ ಎಮಿಲಿಯಾನಸನು ಡೀಕನ್ ಯೂಲೋಜಿಯಸರನ್ನು ಕೇಳಿದನು. ತಾನು ಫ್ರುಕ್ತುವೋಸಸರನ್ನಲ್ಲ, ಅವರು ಆರಾಧಿಸುವಾತನನ್ನೇ ಆರಾಧಿಸುವುದಾಗಿ ಆ ಡೀಕನರು ಉತ್ತರಿಸಿದರು. ಎರಡನೆಯದು: ಫೆಲಿಕ್ಸ್ ಎಂಬ ಸಹೋದರನು ಧರ್ಮಾಧ್ಯಕ್ಷರ ಬಲಗೈ ಹಿಡಿದು ತನ್ನನ್ನು ಪ್ರಾರ್ಥನೆಯಲ್ಲಿ ನೆನೆಯಬೇಕೆಂದು ಬೇಡಿಕೊಂಡನು. ಪೂರ್ವದಿಂದ ಪಶ್ಚಿಮದವರೆಗೆ ಹರಡಿರುವ ಸಭೆಯನ್ನೆಲ್ಲ ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿದೆ ಎಂದು ಅವರು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಮೂರನೆಯದು: ಕೈಗಳನ್ನು ಕಟ್ಟಿದ್ದ ಪಟ್ಟಿಗಳು ಬೆಂಕಿಯಲ್ಲಿ ಸುಟ್ಟುಹೋದಾಗ ಆ ಮೂವರೂ ಮೊಣಕಾಲೂರಿ, ಕೈಗಳನ್ನು ಶಿಲುಬೆಯ ಗುರುತಾಗಿ ಚಾಚಿ, ಪ್ರಾರ್ಥಿಸುತ್ತಲೇ ಪ್ರಾಣಬಿಟ್ಟರು.

ಹಿಪ್ಪೋ ಪಟ್ಟಣದ ಅಗಸ್ಟೀನರು ಇವರ ಸ್ಮರಣೆಯ ದಿನ ಮಾಡಿದ ಬೋಧನೆ ನಮಗೆ ಉಳಿದುಬಂದಿದೆ. ಯೂಲೋಜಿಯಸರ ಉತ್ತರವನ್ನು ಅವರು ವಿಶೇಷವಾಗಿ ಎತ್ತಿಹಿಡಿದು, ರಕ್ತಸಾಕ್ಷಿಗಳು ದೇವರುಗಳಲ್ಲ, ಅವರಿಗೆ ನಾವು ಬಲಿಯರ್ಪಿಸುವುದಿಲ್ಲ ಎಂದು ಜನರಿಗೆ ವಿವರಿಸಿದರು. ಫೆಲಿಕ್ಸನಿಗೆ ಸಿಕ್ಕ ಉತ್ತರವು ಅವನ ಬೇಡಿಕೆಯ ನಿರಾಕರಣೆಯಲ್ಲವೆಂದೂ ಅವರು ತೋರಿಸಿದರು. ಸಭೆಯೆಲ್ಲಕ್ಕಾಗಿ ಪ್ರಾರ್ಥಿಸುವವನ ಪ್ರಾರ್ಥನೆಯೊಳಗೆ ಅದರ ಪ್ರತಿಯೊಂದು ಅಂಗವೂ ಸೇರಿರುತ್ತದೆ. ಆ ಅಂಗವು ದೇಹವನ್ನು ಬಿಟ್ಟು ಹೋಗದಿದ್ದರೆ ಸಾಕು ಎಂಬುದು ಅವರ ವಿವರಣೆಯ ಸಾರ.

ಬೂದಿಯ ಪಯಣ

ಅದೇ ವೃತ್ತಾಂತದ ಕೊನೆಯಲ್ಲಿ ನಮ್ಮ ಗಮನಕ್ಕೆ ತಕ್ಕ ಇನ್ನೊಂದು ಸಂಗತಿಯಿದೆ. ಆ ರಾತ್ರಿ ವಿಶ್ವಾಸಿಗಳು ದ್ರಾಕ್ಷಾರಸವನ್ನು ತಂದು, ಅರೆಬೆಂದ ದೇಹಗಳ ಮೇಲೆ ಸುರಿದು ಬೆಂಕಿಯನ್ನು ಆರಿಸಿದರು. ಬೂದಿಯನ್ನು ತಮ್ಮ ಕೈಲಾದಷ್ಟು ತೆಗೆದುಕೊಂಡು ಹೋದರು. ಆಮೇಲೆ ಫ್ರುಕ್ತುವೋಸಸರು ಅವರಿಗೆ ದರ್ಶನದಲ್ಲಿ ಕಾಣಿಸಿಕೊಂಡು, ಪ್ರೀತಿಯಿಂದ ಒಯ್ದದ್ದನ್ನು ತಡಮಾಡದೆ ಹಿಂದಿರುಗಿಸಬೇಕೆಂದು ಎಚ್ಚರಿಸಿದರಂತೆ. ರಕ್ತಸಾಕ್ಷಿಯು ಯಾರೊಬ್ಬರ ಸ್ವತ್ತೂ ಅಲ್ಲ ಎಂಬ ಅರಿವು ಸಭೆಯಲ್ಲಿ ಅಷ್ಟು ಹಿಂದೆಯೇ ಇತ್ತೆಂಬುದನ್ನು ಈ ಕಥೆ ತೋರಿಸುತ್ತದೆ. ಬೂದಿಯನ್ನು ಹಂಚಿಕೊಳ್ಳುವ ಆಸೆಯೂ ಅಷ್ಟೇ ಹಳೆಯದು ಎಂಬುದನ್ನೂ ತೋರಿಸುತ್ತದೆ.

ಮುಂದೆ ತಾರ್ರಾಗೊನದ ಜನರು ಆ ಮೂವರು ಸತ್ತ ಕ್ರೀಡಾಂಗಣದ ನಡುವೆಯೇ ಅವರ ನೆನಪಿಗೆ ಚರ್ಚೊಂದನ್ನು ಕಟ್ಟಿದರು. 711ರ ನಂತರ ಸ್ಪೇನಿನಲ್ಲಿ ಮುಸ್ಲಿಮರ ಆಳ್ವಿಕೆ ಹರಡಿದಾಗ, ತಾರ್ರಾಗೊನದ ಧರ್ಮಾಧ್ಯಕ್ಷ ಪ್ರೊಸ್ಪೆರರು ಪವಿತ್ರ ಅವಶೇಷಗಳೊಂದಿಗೆ ಹಡಗೇರಿ ಲಿಗೂರಿಯಾಕ್ಕೆ ಬಂದರೆಂದು ಸ್ಥಳೀಯ ಪರಂಪರೆ ಹೇಳುತ್ತದೆ. ಕನಸಿನಲ್ಲಿ ಕಂಡ ನೀರಿನ ಬುಗ್ಗೆಯೊಂದನ್ನು ಗುರುತು ಹಿಡಿದು ಈ ಕೊಲ್ಲಿಯನ್ನು ಆರಿಸಿಕೊಂಡರೆಂಬುದು ಆ ಪರಂಪರೆಯ ಮಾತು. ತಾರ್ರಾಗೊನದ ವಿಚಾರಣೆಯ ವೃತ್ತಾಂತಕ್ಕೂ ಈ ಕಥೆಗೂ ಒಂದೇ ತೂಕವನ್ನು ಕೊಡಲಾಗದು. ಆದರೂ ಪರಂಪರೆಯ ತಿರುಳನ್ನು ನಾವು ಕಡೆಗಣಿಸಬಾರದು. ಅದರ ದೃಷ್ಟಿಯಲ್ಲಿ ಈ ಹಳ್ಳಿ ಹುಟ್ಟಿದ್ದು ಗೆಲುವಿನಿಂದಲ್ಲ; ಆಶ್ರಯ ಅರಸಿ ಕಡಲು ದಾಟಿ ಬಂದವರಿಂದ.

ಅಮೃತಶಿಲೆಯ ಸಮಾಧಿಗಳು

ಈಗಿನ ಕಟ್ಟಡಗಳ ಹಳೆಯ ಭಾಗಗಳು ಹತ್ತು ಮತ್ತು ಹನ್ನೊಂದನೆಯ ಶತಮಾನಗಳಿಗೆ ಸೇರಿದವು. ಬೆನೆಡಿಕ್ಟಿನ್ ಸನ್ಯಾಸಿಗಳು ಇಲ್ಲಿ ಪ್ರಾರ್ಥನೆ ಮತ್ತು ದುಡಿಮೆಯ ಬಾಳನ್ನು ನಡೆಸಿದರು. ಹದಿಮೂರನೆಯ ಶತಮಾನದಲ್ಲಿ ಮಠಕ್ಕೆ ಜೆನೋವಾದ ಪ್ರಬಲ ಮನೆತನವಾದ ದೋರಿಯಾ ವಂಶದವರ ಆಶ್ರಯ ದೊರೆಯಿತು. ಕಡಲಿಗೆ ಮುಖಮಾಡಿರುವ ಭವ್ಯ ಮುಂಭಾಗವು ಆ ಕಾಲದ್ದು. ಅದಕ್ಕೆ ಪ್ರತಿಯಾಗಿ ಮಠವು ಆ ಮನೆತನಕ್ಕೆ ಸಮಾಧಿಯ ಸ್ಥಳವನ್ನು ಕೊಟ್ಟಿತು. ಕೆಳಗಿನ ಅಂಗಳದ ಬದಿಯಲ್ಲಿ, 1275ರಿಂದ 1305ರವರೆಗಿನ ಅವಧಿಯ ದೋರಿಯಾ ಸಮಾಧಿಗಳು ಇಂದಿಗೂ ಇವೆ. ಬಿಳಿಯ ಅಮೃತಶಿಲೆಯನ್ನೂ ಬೂದುಬಣ್ಣದ ಕಲ್ಲನ್ನೂ ಒಂದರ ಮೇಲೊಂದು ಪಟ್ಟಿಗಳಾಗಿ ಜೋಡಿಸಿ ಕಟ್ಟಿದ ಈ ಕಮಾನುಗಳು ಜೆನೋವಾದ ಶ್ರೀಮಂತ ಚರ್ಚುಗಳ ಶೈಲಿಯಲ್ಲಿವೆ.

ಈ ಸಂಬಂಧವನ್ನು ಕೇವಲ ದೂಷಿಸುವುದು ಸುಲಭ. ಆದರೆ ಆ ಆಶ್ರಯವಿಲ್ಲದೆ ಮಠದ ಗೋಡೆಗಳು ಉಳಿಯುತ್ತಿದ್ದವೇ ಎಂದು ಕೇಳಿಕೊಳ್ಳಬೇಕು. ಹದಿನಾರನೆಯ ಶತಮಾನದಲ್ಲಿ ಈ ಕರಾವಳಿಯ ಮೇಲೆ ಉತ್ತರ ಆಫ್ರಿಕದ ನೌಕಾದಳಗಳ ದಾಳಿಗಳು ಹೆಚ್ಚಿದವು. 1549ರಲ್ಲಿ ಹತ್ತಿರದ ರಪಾಲ್ಲೊ ಪಟ್ಟಣವನ್ನು ದ್ರಾಗುತನು ಲೂಟಿಮಾಡಿದನು. ಮಠದ ಪೋಷಣೆಯ ಹಕ್ಕನ್ನು ಹೊಂದಿದ್ದ ದೋರಿಯಾ ಮನೆತನವು 1562ರಲ್ಲಿ ಇಲ್ಲಿ ಕಾವಲು ಗೋಪುರವನ್ನು ಕಟ್ಟಿಸಿತು. ಅದಕ್ಕೆ ಎರಡು ವರ್ಷ ಮೊದಲು ತೀರಿಕೊಂಡಿದ್ದ ಪ್ರಸಿದ್ಧ ನೌಕಾಧಿಪತಿ ಆಂದ್ರೆಯಾ ದೋರಿಯಾನ ಹೆಸರನ್ನು ಆ ಗೋಪುರವು ಹೊತ್ತಿದೆ. ಗೋಡೆಯ ಮೇಲೆ ವಂಶದ ಲಾಂಛನವಾದ ಹದ್ದು ಇದೆ.

ಹೀಗೆ ಒಂದೇ ಕೊಲ್ಲಿಯಲ್ಲಿ ಕೈ ಚಾಚಿ ಸತ್ತವರ ನೆನಪೂ ಕತ್ತಿ ಹಿಡಿದು ಕಾದವರ ನೆನಪೂ ಒಟ್ಟಿಗೆ ನೆಲೆಸಿದವು. ಮೊದಲನೆಯದು ಹೆಸರಾಗಿ ಉಳಿಯಿತು, ಎರಡನೆಯದು ಕಲ್ಲಾಗಿ ಉಳಿಯಿತು. ಸಭೆಯು ತನ್ನ ಪೋಷಕರಿಗೆ ಋಣಿಯಾಗಿರುವುದು ತಪ್ಪಲ್ಲ. ಆದರೆ ಋಣವು ನೆನಪನ್ನು ನಿರ್ದೇಶಿಸತೊಡಗಿದಾಗ, ಚರ್ಚಿನೊಳಗಿನ ಸಮಾಧಿಯು ಸೇವೆಯ ಗುರುತಾಗದೆ ಸ್ಥಾನಮಾನದ ಗುರುತಾಗುತ್ತದೆ. ಮುಂದಿನ ಕಾಲದಲ್ಲಿ ಮಠವು ಕ್ಷೀಣಿಸಿತು. ಅದರ ಕೋಣೆಗಳಲ್ಲಿ ಮೀನುಗಾರರು ವಾಸಿಸತೊಡಗಿದರು. ಕಮಾನುಗಳ ಅಡಿಯಲ್ಲಿ ಬಲೆಗಳನ್ನೂ ದೋಣಿಗಳನ್ನೂ ಇಟ್ಟುಕೊಂಡರು. ಈ ಮೀನುಗಾರ ಕುಟುಂಬಗಳಿಂದಲೇ ಹಳ್ಳಿಯ ಚರಿತ್ರೆಯ ಮತ್ತೊಂದು ಅಧ್ಯಾಯ ಆರಂಭವಾಯಿತು.

1855ರ ಏಪ್ರಿಲ್ 24

1815ರಲ್ಲಿ ಜೆನೋವಾ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡು, ಪೀಡ್ಮಾಂಟಿನಿಂದ ಆಳುತ್ತಿದ್ದ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತು. 1849ರ ಏಪ್ರಿಲಿನಲ್ಲಿ ನಗರವು ದಂಗೆಯೆದ್ದಾಗ ಸೇನಾಪತಿ ಲಾ ಮಾರ್ಮೊರಾ ಫಿರಂಗಿಗಳಿಂದ ಅದನ್ನು ಅಡಗಿಸಿದನು. ಆರು ವರ್ಷಗಳ ನಂತರ ಅದೇ ಸೇನಾಪತಿಯ ನಾಯಕತ್ವದಲ್ಲಿ ಸಾರ್ಡೀನಿಯಾದ ಸೇನೆ ಕ್ರಿಮಿಯಾ ಯುದ್ಧಕ್ಕೆ ಹೊರಟಿತು. ಬ್ರಿಟಿಷ್ ಉಗಿಹಡಗಾದ ‘ಕ್ರೀಸಸ್’ ಪೀಡ್ಮಾಂಟಿನ ಸೈನಿಕರನ್ನೂ ಸಾಮಗ್ರಿಯನ್ನೂ ಹೊತ್ತು ಜೆನೋವಾದಿಂದ ಹೊರಟಿತ್ತು. ಭೂಶಿರದ ಬಳಿ ಅದಕ್ಕೆ ಬೆಂಕಿ ಹತ್ತಿತು. ಕಪ್ತಾನನು ಹಡಗನ್ನು ಸಾನ್ ಫ್ರುತ್ತುವೋಸೊ ಕೊಲ್ಲಿಯ ಕಡೆಗೆ ತಿರುಗಿಸಿದನು.

ಉರಿಯುತ್ತಿದ್ದ ಹಡಗಿನಿಂದ ಜನರು ನೀರಿಗೆ ಹಾರತೊಡಗಿದರು. ಹಳ್ಳಿಯವರು ತಮ್ಮ ದೋಣಿಗಳನ್ನು ತೆಗೆದುಕೊಂಡು ನೆರವಿಗೆ ಧಾವಿಸಿದರು. ಅವರಲ್ಲಿ ಮರಿಯಾ ಅವೇನ್ಯೊ ಮತ್ತು ಆಕೆಯ ಸಹೋದರಿ ಕತೆರೀನಾ ಕೂಡ ಇದ್ದರು. ಮುಳುಗುತ್ತಿದ್ದವರನ್ನು ಅವರು ತಮ್ಮ ಸಣ್ಣ ದೋಣಿಗೆ ಎಳೆದುಕೊಂಡರು. ಪ್ರಾಣಭೀತಿಯಿಂದ ಅನೇಕರು ಒಮ್ಮೆಗೇ ದೋಣಿಯನ್ನು ಹಿಡಿದುಕೊಂಡಾಗ ಅದು ಮಗುಚಿತು. ಕತೆರೀನಾ ಬದುಕುಳಿದಳು, ಮರಿಯಾ ನೀರುಪಾಲಾದಳು. ರಾಜ್ಯವು ಆಕೆಯ ಧೈರ್ಯವನ್ನು ಪದಕವಿತ್ತು ಗೌರವಿಸಿತು. ಆದರೆ ಹೆಚ್ಚು ಅರ್ಥವುಳ್ಳ ಗೌರವ ಬೇರೊಂದಿತ್ತು. ಆಕೆಯ ದೇಹವನ್ನು ಮಠದಲ್ಲಿ, ದೋರಿಯಾ ವಂಶದವರ ಸಮಾಧಿಗಳ ಪಕ್ಕದಲ್ಲಿ ಇರಿಸಲಾಯಿತು.

ಆ ಹಡಗಿನಲ್ಲಿದ್ದವರು ಯಾರೆಂಬುದನ್ನು ನಾವು ಮರೆಯಬಾರದು. ಆರು ವರ್ಷಗಳ ಹಿಂದೆ ಜೆನೋವಾದ ಮೇಲೆ ಗುಂಡು ಹಾರಿಸಿದ ರಾಜ್ಯದ ಸೈನಿಕರು ಅವರು. ಹಡಗನ್ನು ನಡೆಸುತ್ತಿದ್ದವರು ಬೇರೆ ಭಾಷೆಯ ಬ್ರಿಟಿಷರು. ನೀರಿನಲ್ಲಿ ಬಿದ್ದವನ ಭಾಷೆಯನ್ನಾಗಲಿ ಮತವನ್ನಾಗಲಿ ಹಳ್ಳಿಯ ದೋಣಿಗಳು ವಿಚಾರಿಸಲಿಲ್ಲ. ಯೋಹಾನ 15:13ರಲ್ಲಿ ಯೇಸುವು ಸ್ನೇಹಿತರಿಗಾಗಿ ಪ್ರಾಣಕೊಡುವ ಪ್ರೀತಿಯ ವಿಷಯ ಹೇಳುತ್ತಾನೆ. ಲೂಕ 10ರಲ್ಲಿ ನೆರೆಯವನು ಯಾರೆಂಬ ಪ್ರಶ್ನೆಯನ್ನೇ ತಿರುಗಿಸಿ ಹಾಕುತ್ತಾನೆ. ಮರಿಯಾಳ ಮರಣದಲ್ಲಿ ಈ ಎರಡೂ ಮಾತುಗಳು ಕೂಡಿಬರುತ್ತವೆ. ತಾರ್ರಾಗೊನದ ಧರ್ಮಾಧ್ಯಕ್ಷರು ಒಬ್ಬನಿಗಾಗಿ ಮಾತ್ರ ಪ್ರಾರ್ಥಿಸದೆ, ಪೂರ್ವಪಶ್ಚಿಮಗಳ ಸಭೆಯೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡರು. ಅವರ ಹೆಸರಿನ ಹಳ್ಳಿಯ ಈ ಹೆಂಗಸು ತನ್ನವರಲ್ಲದವರ ಕಡೆಗೆ ಕೈ ಚಾಚಿದಳು.

ರಕ್ತಸಾಕ್ಷಿ ಎಂಬ ಪದವನ್ನು ಸಭೆಯು ವಿಶ್ವಾಸದ ನಿಮಿತ್ತ ಕೊಲ್ಲಲ್ಪಟ್ಟವರಿಗೆ ಮೀಸಲಿಟ್ಟಿದೆ. ಆ ವ್ಯತ್ಯಾಸವನ್ನು ನಾವು ಅಳಿಸಬೇಕಾಗಿಲ್ಲ. ಮರಿಯಾಳನ್ನು ಯಾರೂ ವಿಚಾರಣೆಗೆ ಗುರಿಮಾಡಲಿಲ್ಲ, ಆಕೆ ನ್ಯಾಯಾಸನದ ಮುಂದೆ ಅರಿಕೆ ಮಾಡಲೂ ಇಲ್ಲ. ಆದರೆ ಆ ಕಲ್ಲಿನ ಅಂಗಳದಲ್ಲಿ ಆಕೆಗೆ ಸ್ಥಳ ಕೊಟ್ಟವರು, ವಂಶದ ಹಕ್ಕಿನಿಂದ ಸಿಗುತ್ತಿದ್ದ ಸಮಾಧಿಯು ತನ್ನನ್ನು ಕೊಟ್ಟುಕೊಂಡವಳಿಗೂ ಸಲ್ಲುತ್ತದೆಂದು ಒಪ್ಪಿಕೊಂಡರು. ಆರು ಶತಮಾನಗಳ ಹಿಂದೆ ಆರಂಭವಾಗಿದ್ದ ಪದ್ಧತಿಯೊಂದನ್ನು ಈ ಒಂದು ಸಮಾಧಿ ಸದ್ದಿಲ್ಲದೆ ತಿದ್ದಿತು.

ನೀರಿನಡಿಯ ಕ್ರಿಸ್ತ

1915ರ ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ನುಗ್ಗಿದ ಪ್ರವಾಹವು ಚರ್ಚಿನ ಒಂದು ಭಾಗವನ್ನು ಕೆಡವಿತು. ಇಂದು ಯಾತ್ರಿಕರು ನಡೆದಾಡುವ ದಡವು ಆ ಪ್ರವಾಹ ತಂದುಹಾಕಿದ ಕಲ್ಲುಮಣ್ಣಿನಿಂದ ರೂಪುಗೊಂಡದ್ದು. 1933ರಿಂದ ದುರಸ್ತಿಯ ಕೆಲಸಗಳು ನಡೆದವು. 1983ರಲ್ಲಿ ದೋರಿಯಾ ಪಾಂಫಿಲಿ ಮನೆತನವು ಮಠವನ್ನು ಇಟಲಿಯ ಪರಂಪರೆ ಸಂರಕ್ಷಣಾ ಸಂಸ್ಥೆಯಾದ ‘ಫಾಯ್’ಗೆ ದಾನವಾಗಿ ಕೊಟ್ಟಿತು.

ಇದರ ನಡುವೆ ಕೊಲ್ಲಿಯು ಇನ್ನೊಂದು ಸಾಕ್ಷಿಯನ್ನು ಪಡೆಯಿತು. 1947ರಲ್ಲಿ ದಾರಿಯೊ ಗೊನ್ಸಾತ್ತಿ ಎಂಬ ಮುಳುಗುಗಾರನು ಇಲ್ಲಿ ಸತ್ತನು. ಅವನ ಗೆಳೆಯನೂ ಇಟಲಿಯ ಮುಳುಗುವಿದ್ಯೆಯ ಹಿರಿಯನೂ ಆದ ದುವೀಲಿಯೊ ಮರ್ಕಾಂತೆಯ ಪ್ರೇರಣೆಯಿಂದ, 1954ರ ಆಗಸ್ಟ್ 22ರಂದು ಸುಮಾರು 17 ಮೀಟರ್ ಆಳದಲ್ಲಿ ಕ್ರಿಸ್ತನ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಶಿಲ್ಪಿ ಗುಯೀದೊ ಗಲ್ಲೆತ್ತಿ. ಪದಕಗಳು, ಗಂಟೆಗಳು, ಹಡಗುಗಳ ಲೋಹದ ಭಾಗಗಳು ಮುಂತಾಗಿ ಜನರು ಕೊಟ್ಟದ್ದನ್ನು ಕರಗಿಸಿ ಎರಕ ಹೊಯ್ದ ಈ ಪ್ರತಿಮೆಯಲ್ಲಿ ಕ್ರಿಸ್ತನು ಮುಖವನ್ನೂ ಎರಡೂ ಕೈಗಳನ್ನೂ ನೀರಿನ ಮೇಲ್ಮೈಯ ಕಡೆಗೆ ಎತ್ತಿದ್ದಾನೆ. ಹಡಗಿನ ಲಂಗರೊಂದರ ಹೊಡೆತಕ್ಕೆ ಒಂದು ಕೈ ಮುರಿದುಹೋಗಿದ್ದರಿಂದ 2003ರಲ್ಲಿ ಪ್ರತಿಮೆಯನ್ನು ಮೇಲೆತ್ತಿ ಸರಿಪಡಿಸಿ, ಮರುವರ್ಷ ಮತ್ತೆ ಇಳಿಸಲಾಯಿತು. ಪ್ರತಿ ಬೇಸಿಗೆಯಲ್ಲಿ ಕಡಲಿನಲ್ಲಿ ಸತ್ತವರನ್ನು ನೆನೆದು ಮುಳುಗುಗಾರರು ಅದರ ಪಾದದ ಬಳಿ ಎಲೆಗಳ ಹಾರವೊಂದನ್ನು ಇರಿಸುತ್ತಾರೆ.

ಈ ಪ್ರತಿಮೆಯ ಒಂದು ಪ್ರತಿಯು ಕೆರಿಬಿಯನ್ ದ್ವೀಪವಾದ ಗ್ರೆನಡಾದಲ್ಲಿದೆ. 1961ರ ಅಕ್ಟೋಬರಿನಲ್ಲಿ ಜೆನೋವಾದ ಕೋಸ್ತಾ ಕಂಪನಿಯ ‘ಬಿಯಾಂಕಾ ಸಿ’ ಎಂಬ ಪ್ರಯಾಣಿಕರ ಹಡಗಿಗೆ ಗ್ರೆನಡಾದ ಬಂದರಿನ ಬಳಿ ಬೆಂಕಿ ಹತ್ತಿತು. ದ್ವೀಪದ ಜನರು ಮೀನುಗಾರಿಕೆಯ ದೋಣಿಗಳಲ್ಲಿಯೂ ಸಿಕ್ಕ ಸಿಕ್ಕ ನಾವೆಗಳಲ್ಲಿಯೂ ಹೋಗಿ ಸುಮಾರು 700 ಮಂದಿಯನ್ನು ದಡಕ್ಕೆ ತಂದು ಮನೆಗಳಲ್ಲಿ ಆಶ್ರಯ ಕೊಟ್ಟರು. ಕೃತಜ್ಞತೆಯ ಕಾಣಿಕೆಯಾಗಿ ಆ ಕಂಪನಿಯು ಕೈ ಎತ್ತಿದ ಕ್ರಿಸ್ತನ ಪ್ರತಿಮೆಯನ್ನು ಅವರಿಗೆ ಕೊಟ್ಟಿತು. ನೂರಾರು ವರ್ಷ ವಸಾಹತಿನ ನೊಗ ಹೊತ್ತ ಕಪ್ಪು ಜನರು ಯುರೋಪಿನ ಹಡಗಿನವರನ್ನು ಉಳಿಸಿದರು. ಅಪೊಸ್ತಲರ ಕೃತ್ಯಗಳು 28ರಲ್ಲಿ ಹಡಗು ಒಡೆದು ದಡ ಸೇರಿದ ಪೌಲನಿಗೂ ಅವನ ಸಂಗಡಿಗರಿಗೂ ಬೆಂಕಿ ಮಾಡಿ ಸತ್ಕರಿಸಿದವರು ಮಾಲ್ಟಾ ದ್ವೀಪದ ಪರಭಾಷೆಯ ಜನರು ಎಂಬುದನ್ನು ನಾವಿಲ್ಲಿ ನೆನೆಯಬೇಕು.

ನಮಗೆ ಉಳಿಯುವ ಪ್ರಶ್ನೆ

ಹದಿನೇಳು ಶತಮಾನಗಳ ಈ ಚರಿತ್ರೆಯಲ್ಲಿ ಒಂದು ಗುರುತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಟ್ಟು ಸುಟ್ಟುಹೋದ ಕೂಡಲೇ ಪ್ರಾರ್ಥನೆಗೆ ಚಾಚಿದ ಕೈಗಳು, ಮುಳುಗುವವನನ್ನು ಎಳೆದುಕೊಳ್ಳಲು ಚಾಚಿದ ಕೈಗಳು, ಆಳದಿಂದ ಮೇಲಕ್ಕೆ ಎತ್ತಿದ ಕೈಗಳು. ಇವು ಒಂದೇ ಬಗೆಯ ಕೃತ್ಯಗಳಲ್ಲ. ಆದರೆ ಮೂರರಲ್ಲಿಯೂ ಕೈ ಬರಿದಾಗಿದೆ, ತೆರೆದಿದೆ. ಯಾವುದನ್ನೂ ತನ್ನದೆಂದು ಬಿಗಿಹಿಡಿದಿಲ್ಲ. ಪ್ರಾರ್ಥನೆಯ ಕೈಯೂ ಸೇವೆಯ ಕೈಯೂ ಒಂದೇ ಎಂಬ ಉಪದೇಶವನ್ನು ಗುರುಮಠಗಳಲ್ಲಿ ನಾವು ಹಲವು ಸಲ ಕೇಳಿದ್ದೇವೆ. ಸಾನ್ ಫ್ರುತ್ತುವೋಸೊದ ಚರಿತ್ರೆಯು ಆ ಉಪದೇಶಕ್ಕೆ ತೆರಬೇಕಾದ ಬೆಲೆಯನ್ನೂ ತೋರಿಸುತ್ತದೆ.

ಆ ಬೆಲೆಯ ಪ್ರಶ್ನೆ ಇಂದೂ ಮುಗಿದಿಲ್ಲ. 2013ರ ಅಕ್ಟೋಬರ್ 3ರಂದು ಇಟಲಿಯ ಲಾಂಪೆದೂಸಾ ದ್ವೀಪದ ಬಳಿ, ಆಫ್ರಿಕದಿಂದ ಆಶ್ರಯ ಅರಸಿ ಬಂದವರ ದೋಣಿಯೊಂದು ಬೆಂಕಿಹತ್ತಿ ಮಗುಚಿ 360ಕ್ಕೂ ಹೆಚ್ಚು ಮಂದಿ ಸತ್ತರು. ಅವಶೇಷಗಳೊಂದಿಗೆ ಕಡಲು ದಾಟಿ ಬಂದವರನ್ನು ಸಂತರೆಂದು ನೆನೆಯುವ ಕರಾವಳಿಗಳು, ಬರಿಗೈಯಲ್ಲಿ ದಾಟಿ ಬರುವವರನ್ನು ಹೇಗೆ ಕಾಣಬೇಕು? ಈ ಪ್ರಶ್ನೆಯನ್ನು ಇಟಲಿಯ ಸಭೆಗೆ ಮಾತ್ರ ಬಿಟ್ಟುಕೊಡುವಂತಿಲ್ಲ. ಗೋಡೆಗಳ ಮೇಲೆ ದಾನಿಗಳ ಹೆಸರು ಕೆತ್ತಿರುವ ಪ್ರತಿಯೊಂದು ಸಭೆಗೂ ಅದು ಸೇರಿದ್ದು. ನಮ್ಮ ಸಭೆಗಳ ನೆನಪಿನ ಫಲಕಗಳಲ್ಲಿ ಯಾರ ಹೆಸರುಗಳಿವೆ, ಯಾರವು ಇಲ್ಲ ಎಂದು ಪರೀಕ್ಷಿಸಿಕೊಳ್ಳುವುದು ಸಭಾಚರಿತ್ರೆಯ ವಿದ್ಯಾರ್ಥಿಗೆ ತಕ್ಕ ಕೆಲಸ. ಸಭಾಪಾಲಕರಿಗೆ ಅದು ಕರ್ತವ್ಯವೂ ಹೌದು. ಪೂರ್ವದಿಂದ ಪಶ್ಚಿಮದವರೆಗಿನ ಸಭೆಯನ್ನು ಮನಸ್ಸಿನಲ್ಲಿಟ್ಟು ಪ್ರಾರ್ಥಿಸಿದ ಧರ್ಮಾಧ್ಯಕ್ಷರನ್ನು ಗೌರವಿಸುವ ಬಗೆ ಅದೇ.